ಸಹಿಯ ಕೆಳಗಿನ ಚುಕ್ಕೆ

ನಮ್ಮ ಲ್ಯಾಬಿನಲ್ಲಿ ತಪ್ಪು ಬರೆಯುವುದಕ್ಕೆ ಯಾವ ನಿಯಮವೂ ಇಲ್ಲ. ಬರೆದ ತಪ್ಪನ್ನು ಹೊಡೆಯುವುದಕ್ಕೆ ಇದೆ. ಒಂದೇ ಒಂದು ಗೆರೆ ಎಳೆಯಬೇಕು. ಗೀಚಬಾರದು, ಬಿಳಿ ಬಳಿಯಬಾರದು, ಬ್ಲೇಡಿನಲ್ಲಿ ಕೆರೆಯಬಾರದು, ಪುಟ ಹರಿಯಬಾರದು. ಗೆರೆಯ ಕೆಳಗಿನ ಅಂಕಿಯನ್ನು ಯಾರು ಬೇಕಾದರೂ ಓದುವಂತಿರಬೇಕು. ಪಕ್ಕದಲ್ಲಿ ಹೊಡೆದ ದಿನದ ತಾರೀಕು, ಹೊಡೆದವನ ಸಹಿ. ಬರೆದವನೇ ಹೊಡೆಯಬೇಕು, ಬೇರೆಯವರು ಕೈ ಹಾಕುವಂತಿಲ್ಲ. ಇದನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿದವನು ನಾನೇ. ಅಕ್ಕ ಹೇಳುತ್ತಾ ಹೋದಳು, ನಾನು ಬರೆದೆ. ಅಂಟು ಚೆನ್ನಾಗಿ ಹಿಡಿಯಲೆಂದು ಅಂಗೈಯಲ್ಲಿ ಒತ್ತಿ ಒತ್ತಿ ಸವರಿದ್ದೆ. ಇವತ್ತಿಗೂ ಅದರ ಒಂದು ಮೂಲೆ ಕಿತ್ತುಬಂದಿಲ್ಲ.

ಯಂತ್ರ ಅಂದರೆ ಎರಡು ಬೀರು ಮಲಗಿಸಿದಷ್ಟು ದೊಡ್ಡ ಪೆಟ್ಟಿಗೆ. ಒಂದು ತೊಟ್ಟು ರಕ್ತ ಕೊಟ್ಟರೆ ಅದರೊಳಗಿನ ಜೀವಕೋಶಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದನ್ನೇ ಲೇಸರ್ ಬೆಳಕಿನ ಮುಂದೆ ಹಾಯಿಸಿ, ಯಾವುದು ಎಷ್ಟು ಹೊಳೆಯಿತು ಎಂದು ಅಳೆದು ಎಣಿಸುತ್ತದೆ. ಒಬ್ಬೊಬ್ಬ ವಿಜ್ಞಾನಿಯೂ ಒಂದೊಂದು ಇಟ್ಟುಕೊಳ್ಳುವಂಥ ವಸ್ತುವಲ್ಲ. ಹಾಗಾಗಿ ಕಟ್ಟಡದ ಹದಿನಾಲ್ಕು ಗುಂಪಿನವರು ಅದನ್ನು ಹಂಚಿಕೊಂಡು ಬಳಸುತ್ತಾರೆ. ಹಂಚಿಕೊಂಡ ವಸ್ತುವಿನ ಹಣೆಬರಹ ಬಸ್ ನಿಲ್ದಾಣದ ಬೆಂಚಿನ ಹಣೆಬರಹವೇ. ಕೂರುವುದಕ್ಕೆ ಎಲ್ಲರೂ ಬರುತ್ತಾರೆ, ಒರೆಸುವುದಕ್ಕೆ ಒಬ್ಬನೂ ಇಲ್ಲ. ಒಬ್ಬ ನಳಿಗೆಯಲ್ಲಿ ಗಟ್ಟಿಯಾದ ರಕ್ತ ಬಿಟ್ಟು ಹೋಗುತ್ತಾನೆ. ಇನ್ನೊಬ್ಬಳು ತ್ಯಾಜ್ಯದ ಕ್ಯಾನು ತುಂಬಿ ಚೆಲ್ಲಿದರೂ ತಿರುಗಿ ನೋಡುವುದಿಲ್ಲ. ಕೇಳಿದರೆ, "ನನಗಿಂತ ಮುಂಚೆ ಕೂತಿದ್ದೋರನ್ನ ಕೇಳಿ."

ಇಂಥ ಯಂತ್ರ ಈ ಹೊತ್ತು ಸರಿಯಾಗಿದೆ, ಇದು ಹೇಳುವ ಅಂಕಿಯನ್ನು ನಂಬಬಹುದು ಎಂದು ದಿನಾ ಬೆಳಿಗ್ಗೆ ಯಾರಾದರೂ ಒಬ್ಬರು ಹೇಳಬೇಕು. ಅದಕ್ಕೆ ನಾವು ಮಣಿ ಓಡಿಸುವುದು ಅನ್ನುತ್ತೇವೆ. ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಮಣಿಗಳು. ಎಷ್ಟು ಹೊಳೆಯಬೇಕು ಎಂಬುದು ಮೊದಲೇ ಗೊತ್ತು. ಶೀಶೆಯನ್ನು ಅಲ್ಲಾಡಿಸಿ ಮೂರು ಹನಿ ಹಾಕಿ ಓಡಿಸಿದರೆ ಎರಡು ಅಂಕಿ ಬರುತ್ತವೆ. ಒಂದು ಹೊಳಪು, ಇನ್ನೊಂದು ಚದುರು, ಅಂದರೆ ಮಣಿಯಿಂದ ಮಣಿಗೆ ಆ ಹೊಳಪು ಎಷ್ಟು ಏರುಪೇರು ಎಂಬುದು. ಎರಡೂ ಮಿತಿಯೊಳಗಿದ್ದರೆ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಆಮೇಲೆಯೇ ಆ ದಿನದ ಮೊದಲ ರಕ್ತ. ಮಿತಿ ದಾಟಿದರೆ ಬಂದವರು ಯಾರೇ ಆಗಿರಲಿ, ವಾಪಸ್.

ನಾನು ವಾಪಸ್ ಕಳಿಸಿದ್ದೇನೆ. ಒಮ್ಮೆ ಡೈರೆಕ್ಟರ ಖಾಸಾ ಶಿಷ್ಯನೇ ಬಂದು ಬಾಗಿಲಲ್ಲಿ ನಿಂತಿದ್ದ. ಚದುರು ಕೂದಲೆಳೆಯಷ್ಟು ಹೆಚ್ಚಿತ್ತು. ಅಕ್ಕ ಬೇಡ ಅಂದಿದ್ದಾಳೆ ಎಂದು ನೆಪ ಹೇಳಿ ಆಗಲ್ಲ ಅಂದೆ. "ನೆಲ ಒರೆಸೋನು ನನಗೆ ಹೇಳ್ತಾನಲ್ಲಪ್ಪ" ಎಂದು ಕುಣಿದಾಡಿದ. ನಾನು ಬಾಗಿಲು ಹಾಕಿ ಒಳಗೆ ಕೂತು ನಳಿಗೆ ನಳಿಗೆ ತಡಕಿದೆ. ಸಾಸಿವೆಗಿಂತ ಚಿಕ್ಕದೊಂದು ಗಾಳಿಗುಳ್ಳೆ. ಅದನ್ನು ಓಡಿಸಿ, ಮತ್ತೆ ಮಣಿ ಹಾಕಿ, ಅಂಕಿ ಕೂತ ಮೇಲೆ ಬಾಗಿಲು ತೆರೆದೆ. ಬೈಗುಳ ಅಕ್ಕನಿಗೆ ಬಿತ್ತು. ಅಕ್ಕ ನನ್ನ ಹೆಸರೆತ್ತದೆ ನುಂಗಿಕೊಂಡಳು. ಹಾಗೆ ನುಂಗಿಕೊಂಡಿದ್ದನ್ನು ನಾನು ಆಗ ಉಪಕಾರ ಎಂದುಕೊಂಡಿದ್ದೆ.

ಆ ಲ್ಯಾಬಿನ ಜವಾಬ್ದಾರಿ ಹೊತ್ತವಳು ನನ್ನ ಅಕ್ಕ, ಒಡಹುಟ್ಟಿದವಳು. ಅವಳು ಓದಿದವಳು. ನಾನು ಒಂಬತ್ತನೇ ಕ್ಲಾಸಿನಲ್ಲಿ ಬ್ಯಾಗು ಬಿಸಾಕಿ ಬಂದವನು. ಗಣಿತದ ಮೇಷ್ಟ್ರು ಇಡೀ ಕ್ಲಾಸಿನೆದುರು ಕೆನ್ನೆಗೆ ಬಾರಿಸಿದ್ದರು. ಲೆಕ್ಕ ಸರಿಯಿತ್ತು. ಮಾಡಿದ ದಾರಿ ಅವರು ಹೇಳಿಕೊಟ್ಟದ್ದಾಗಿರಲಿಲ್ಲ, ಅಷ್ಟೇ. ಅಮ್ಮ ಅತ್ತಳು, ಅಕ್ಕ ಕೈ ಹಿಡಿದು ಎಳೆದಳು, ನಾನು ಹೋಗಲಿಲ್ಲ. ಅಲ್ಲಿ ಇಲ್ಲಿ ಪಂಪ್ ರಿಪೇರಿ, ಲಿಫ್ಟ್ ರಿಪೇರಿ ಎಂದು ಅಲೆದೆ. ಇಪ್ಪತ್ತೊಂದಕ್ಕೆ ಅಕ್ಕ ಯಾರದೋ ಕೈಕಾಲು ಹಿಡಿದು ಅದೇ ಕಟ್ಟಡದಲ್ಲಿ ಕ್ಲೀನಿಂಗ್ ಕೆಲಸ ಕೊಡಿಸಿದಳು. ಬೂದು ಬಣ್ಣದ ಅಂಗಿ, ಮಾಪು, ಬಕೆಟ್ಟು. ಆ ಅಂಗಿ ಹಾಕಿಕೊಂಡರೆ ಮನುಷ್ಯ ಕಾಣಿಸುವುದಿಲ್ಲ. ಕಾರಿಡಾರಿನಲ್ಲಿ ಜನ ನನ್ನ ಮೈಮೇಲೇ ಬರುತ್ತಿದ್ದರು, ಗಾಳಿಯ ಮೇಲೆ ಬಂದ ಹಾಗೆ.

ಮಾರನೇ ವರ್ಷ ಅಕ್ಕ ಬಸುರಿಯಾದಳು. ಏಳನೇ ತಿಂಗಳಿಗೇ ಡಾಕ್ಟರು ಹಾಸಿಗೆ ಬಿಟ್ಟೇಳಬಾರದು ಅಂದರು. ಯಂತ್ರಕ್ಕೆ ಅದು ಗೊತ್ತಾಗುತ್ತದೆಯೇ? ದಿನಾ ಬೆಳಿಗ್ಗೆ ಅದಕ್ಕೆ ಮಣಿ ಬೇಕು. ಅಕ್ಕ ಮಲಗಿದಲ್ಲಿಂದಲೇ ಫೋನು ಮಾಡಿದಳು.

"ಸುತ್ತ ಯಾರಾದ್ರೂ ಇದಾರಾ?"

"ನಾನು, ನನ್ನ ಮಾಪು."

"ತಮಾಷೆ ಸಾಕು. ಫ್ರಿಜ್ಜಿಂದ ಶೀಶೆ ತಗೋ. ಅಲ್ಲಾಡಿಸು. ಲೋ, ಅಷ್ಟು ಜೋರಾಗಿ ಅಲ್ಲ ಕಣೋ, ಸದ್ದು ಇಲ್ಲಿಗೆ ಕೇಳಿಸ್ತಿದೆ. ಮಗು ತೂಗೋ ಹಾಗೆ."

"ನಿನ್ನ ಮಗು ಬರಲಿ ಮೊದ್ಲು, ಅದನ್ನ ತೂಗಿ ಕಲ್ತ್ಕೋತೀನಿ."

"ಮೂರು ಹನಿ. ಎಣಿಸಿ ಹಾಕು. ಈಗ ನಂಬರ್ ಹೇಳು."

ಹೇಳಿದೆ. ಅವಳು ಆ ಕಡೆ ಉಸಿರು ಬಿಟ್ಟಿದ್ದು ಕೇಳಿಸಿತು. "ಸರಿ ಇದೆ. ಪುಸ್ತಕದಲ್ಲಿ ಬರಿ. ಕೊನೇ ಕಾಲಮ್ಮಲ್ಲಿ ನನ್ನ ಎರಡಕ್ಷರ ಹಾಕು."

"ನಾನು ಮಾಡಿದ್ದಲ್ವಾ?"

"ನೀನು ಅಲ್ಲಿ ಸಹಿ ಹಾಕೋ ಹಾಗಿಲ್ಲ. ಡಿಗ್ರಿ ಇಲ್ದೇ ಇರೋರು ಯಂತ್ರ ಮುಟ್ಟಬಾರದು ಅಂತ ರೂಲ್ಸ್ ಇದೆ. ಗೊತ್ತಾದ್ರೆ ಇಬ್ಬರ ಕೆಲ್ಸಾನೂ ಹೋಗುತ್ತೆ. ನಂದು ಹಾಕು ಪುಟ್ಟಾ."

ಅಕ್ಕನ ಹೆಸರಿನ ಎರಡಕ್ಷರ ಬರೆದೆ. ಅವಳ ಕೈ ಹೇಗೆ ಓಡುತ್ತದೋ ಹಾಗೇ ಬರೆದೆ. ಬರೆದು ಮುಗಿಸಿದ ಮೇಲೆ ಪೆನ್ನು ಕಾಗದದಿಂದ ಏಳಲಿಲ್ಲ. ಆ ಎರಡಕ್ಷರದ ಕೆಳಗೆ ಪೆನ್ನಿನ ತುದಿ ಊರಿ ಒಂದು ಚುಕ್ಕೆ ಇಟ್ಟೆ. ಕಾಗದ ತೂತಾಗುವುದೊಂದು ಬಾಕಿ, ಅಷ್ಟು ಒತ್ತಿ. ಇದು ನಾನು. ಯಾರಿಗೂ ಗೊತ್ತಾಗುವುದು ಬೇಡ, ಪುಸ್ತಕಕ್ಕೆ ಗೊತ್ತಿರಲಿ.

ಮಗುವಾಯಿತು. ಅಕ್ಕ ವಾಪಸ್ ಬಂದಳು. ಬಂದವಳು ಹಿಂದಿನ ಪುಟಗಳ ಅಂಕಿ ನೋಡಿದಳು. ಅವಳ ಕೈಯಲ್ಲಿ ಹೊಳಪು ದಿನಕ್ಕೊಂದು ಕಡೆ ಓಲಾಡುತ್ತಿತ್ತು. ನನ್ನ ತಿಂಗಳುಗಳಲ್ಲಿ ಗೆರೆ ಎಳೆದ ಹಾಗೆ ನಿಂತಿತ್ತು. "ನಿನ್ನ ಕೈ ಚೆನ್ನಾಗಿದೆ ಕಣೋ" ಅಂದಳು. ಅಷ್ಟೇ ಹೊಗಳಿಕೆ, ಐದು ವರ್ಷಕ್ಕೆ. ಬೆಳಿಗ್ಗೆ ಮಗುವನ್ನು ಸಿದ್ಧ ಮಾಡಬೇಕು, ಭಾವನಿಗೆ ಬೇಗ ಹೊರಡಬೇಕು. ಮಣಿ ನನ್ನ ಕೈಯಲ್ಲೇ ಉಳಿಯಿತು. ಸೋಮವಾರ ಮಾತ್ರ ಅವಳು ಮಾಡುತ್ತಿದ್ದಳು, ಕೈ ಮರೆಯಬಾರದಲ್ಲ ಎಂದು. ಮಿಕ್ಕ ದಿನ ಏಳೂ ನಲವತ್ತಕ್ಕೆ ನಾನು, ಯಂತ್ರ, ಮೂರು ಹನಿ, ಎರಡು ಅಂಕಿ, ಅಕ್ಕನ ಎರಡಕ್ಷರ, ನನ್ನ ಒಂದು ಚುಕ್ಕೆ. ಎಂಟೂವರೆಗೆ ಮತ್ತೆ ಮಾಪು.

ಇಂಥ ಹಂಚಿಕೆಯ ಲ್ಯಾಬುಗಳನ್ನು ನಡೆಸುವವರೆಲ್ಲ ಸೇರಿ ಕಟ್ಟಿಕೊಂಡ ಸಂಘವೊಂದಿದೆ. ಒಬ್ಬರ ಲ್ಯಾಬಿಗೆ ಇನ್ನೊಬ್ಬರು ಹೋಗಿ, ಪುಸ್ತಕ ತೆಗೆದು, ಯಂತ್ರ ಮುಟ್ಟಿ ನೋಡಿ, ಇಲ್ಲಿ ಅಳೆದದ್ದನ್ನು ನಂಬಬಹುದು ಎಂದು ಮನ್ನಣೆಯ ಪತ್ರ ಕೊಡುತ್ತಾರೆ. ಈ ವರ್ಷ ನಮ್ಮ ಸರದಿ. ಅದು ಬರೀ ಗೋಡೆಗೆ ನೇತುಹಾಕುವ ಪತ್ರವಾಗಿರಲಿಲ್ಲ. ನಾವು ರಕ್ತದ ಡಾಕ್ಟರಮ್ಮ ಎಂದು ಕರೆಯುವ ಒಬ್ಬರಿದ್ದಾರೆ. ಹುಟ್ಟಿನಿಂದಲೇ ಕಾಯಿಲೆಗೆ ಎದುರು ನಿಲ್ಲುವ ಶಕ್ತಿಯಿಲ್ಲದ ಮಕ್ಕಳ ರಕ್ತವನ್ನು ಮೂರು ವರ್ಷ ನಮ್ಮ ಯಂತ್ರದಲ್ಲೇ ಅಳೆದರು. ಯಾವ ಮಗುವಿಗೆ ಯಾವ ಔಷಧಿ ಹಿಡಿಯುತ್ತದೆ ಎಂದು ಆ ಅಂಕಿಗಳಿಂದ ಮೊದಲೇ ಹೇಳಬಹುದು ಎಂಬುದು ಅವರ ವಾದ. ಅಳೆದ ಲ್ಯಾಬಿಗೆ ಸಂಘದ ಮನ್ನಣೆ ಇದ್ದರೆ ಆಸ್ಪತ್ರೆಯವರು ಒಪ್ಪಿ ಕೆಲಸ ಶುರು ಮಾಡುತ್ತಾರೆ. ಇಲ್ಲದಿದ್ದರೆ ಇಲ್ಲ. ಅಕ್ಕನ ಹುದ್ದೆಯೂ ಆ ಪತ್ರದ ಮೇಲೇ ನಿಂತಿತ್ತು. ಡೈರೆಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು: ಮನ್ನಣೆ ಸಿಗದಿದ್ದರೆ ಆ ಕುರ್ಚಿಯಲ್ಲಿ ಬೇರೆಯವರು.

ಸಂಘದ ನಿಯಮಗಳದ್ದು ಒಂದು ನೀಲಿ ಫೈಲು ಇತ್ತು, ನಲವತ್ತು ಪುಟ. ಕೊಳೆಯಾಗದಿರಲೆಂದು ಅಕ್ಕ ಅದನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ವಾರಕ್ಕೊಮ್ಮೆ ಆ ಗಾಜು ಒರೆಸುತ್ತಿದ್ದವನು ನಾನು. ತೆಗೆದು ಓದಬೇಕೆಂದು ಒಂದು ದಿನವೂ ಅನ್ನಿಸಲಿಲ್ಲ. ಓದುವುದು ಓದಿದವರ ಕೆಲಸ ಎಂದು ಬಿಟ್ಟಿದ್ದೆ.

ಸಂಘದಿಂದ ಬಂದವರು ಅರವತ್ತರ ಹತ್ತಿರದ ಹೆಂಗಸು. ಸವೆದ ಚಪ್ಪಲಿ, ದಾರ ಕಟ್ಟಿದ ಕನ್ನಡಕ. ಮೂವತ್ತು ವರ್ಷ ಇಂಥದ್ದೇ ಯಂತ್ರ ನೋಡಿಕೊಂಡವರಂತೆ. ಬಂದವರೇ ಕುರ್ಚಿ ಹುಡುಕಲಿಲ್ಲ, ನೇರ ಯಂತ್ರದ ಹಿಂದೆ ಹೋಗಿ ಬಗ್ಗಿ ಪಂಪಿಗೆ ಕಿವಿಯಿಟ್ಟರು. ಡೈರೆಕ್ಟರು ಟೀ ತರಿಸುತ್ತೇನೆ ಅಂದರೆ ಕೈಯೆತ್ತಿ ಸುಮ್ಮನಿರಿಸಿದರು. ನಾನು ಮೂಲೆಯ ಮೇಜು ಒರೆಸುವ ನೆಪದಲ್ಲಿ ಅಲ್ಲೇ ಇದ್ದೆ. ಮೈಯೆಲ್ಲ ಕಿವಿ.

"ಪಂಪಿನ ಸದ್ದು ಇಷ್ಟು ಹಗುರ ಇರೋದು ನಾನು ಕೇಳೇ ಇಲ್ಲ. ಯಾರು ನೋಡ್ಕೊಳ್ಳೋದು?"

"ನಾನೇ ಮೇಡಂ" ಅಂದಳು ಅಕ್ಕ.

ಮೇಜು ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ.

ಆಮೇಲೆ ಪುಸ್ತಕ. ಐದು ವರ್ಷದ್ದು ಮೂರು ಪುಸ್ತಕ. ಅವರು ಪುಟ ಓದುತ್ತಿರಲಿಲ್ಲ, ಸವರುತ್ತಿದ್ದರು. ಅಂಕಿಗಳ ಸಾಲಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಇಳಿಸುತ್ತಾ "ಆಹಾ" ಅಂದರು. "ಇದು ಮಣಿ ಓಡಿಸಿದ್ದು ಅಂದ್ರೆ. ನಮ್ಮ ಕಡೆ ಹುಡುಗರಿಗೆ ಇದನ್ನ ತೋರಿಸ್ಬೇಕು." ಡೈರೆಕ್ಟರ ಮುಖ ಅರಳಿತು. ಅಕ್ಕ ಕಣ್ಣಿನ ಮೂಲೆಯಲ್ಲಿ ನನ್ನನ್ನು ನೋಡಿ ನೋಡದ ಹಾಗೆ ಮಾಡಿದಳು.

ಪುಟ ತಿರುವಿದರು. ತಿರುವಿದ ಪುಟದ ಹಿಂಬದಿಯಲ್ಲಿ ಅವರ ಬೆರಳು ನಿಂತಿತು. ಮತ್ತೆ ಆಡಿಸಿದರು, ಕುರುಡರು ತಡಕುವ ಹಾಗೆ. ಪುಟ ಮಗುಚಿ ಕನ್ನಡಕ ಏರಿಸಿದರು. ಪಕ್ಕದ ಕಡತದಿಂದ ಅಕ್ಕನ ರಜೆಯ ಪಟ್ಟಿ ತೆಗೆದು ಪುಸ್ತಕದ ಪಕ್ಕ ಇಟ್ಟುಕೊಂಡರು.

"ನಿಮ್ಮ ಮಗು ಹುಟ್ಟಿದ್ದು ಯಾವತ್ತಮ್ಮ?"

ಅಕ್ಕ ತಾರೀಕು ಹೇಳಿದಳು. ಹೇಳಿದ ಮೇಲೆ ಅವಳಿಗೆ ಅರ್ಥವಾಯಿತು. ನನಗೂ ಆಯಿತು.

"ಆವತ್ತು ಬೆಳಿಗ್ಗೆ ಏಳೂ ನಲವತ್ತಕ್ಕೆ ಇಲ್ಲಿ ನಿಮ್ಮ ಸಹಿ ಇದೆ."

ಆವತ್ತು ಬೆಳಿಗ್ಗೆ ಏಳೂ ನಲವತ್ತಕ್ಕೆ ಅಕ್ಕ ಹೆರಿಗೆ ಕೋಣೆಯಲ್ಲಿದ್ದಳು. ನಾನು ಮೂರನೇ ಹನಿ ಹಾಕುತ್ತಿದ್ದಾಗ ಜೇಬಿನಲ್ಲಿ ಫೋನು ಅದುರಿತು. ಎತ್ತಲಿಲ್ಲ. ಅಂಕಿ ಬಂದ ಮೇಲೆ, ಬರೆದ ಮೇಲೆ, ಚುಕ್ಕೆ ಇಟ್ಟ ಮೇಲೆ ಎತ್ತಿದೆ. ಸೋದರಮಾವ ಆಗಿದ್ದೆ.

ಅಕ್ಕ ಬುದ್ಧಿವಂತೆ. ಒಂದು ಗುಟುಕು ನೀರು ಕುಡಿದು ಹೇಳಿದಳು: "ರಜದ ದಿನಗಳದ್ದು ಯಂತ್ರದಲ್ಲೇ ಉಳಿದಿತ್ತು ಮೇಡಂ. ವಾಪಸ್ ಬಂದ್ಮೇಲೆ ನೋಡಿ ಒಟ್ಟಿಗೆ ಬರ್ಕೊಂಡೆ. ಹಾಗೆ ಮಾಡಬಾರದಿತ್ತು."

"ಮಾಡಬಾರದಿತ್ತು. ಆದ್ರೂ ಅದು ಸಣ್ಣ ತಪ್ಪು. ಒಂದು ಟಿಪ್ಪಣಿ ಬರೆದು ಬಿಡ್ತೀನಿ." ಅವರು ಪೆನ್ನು ತೆರೆದರು. ಬರೆಯುವ ಮುಂಚೆ ಕೇಳಿದರು: "ಸಹಿ ಕೆಳಗೆ ಈ ಚುಕ್ಕೆ ಏನು? ರಜೆ ಮುಗಿದ್ಮೇಲಿನ ಸೋಮವಾರಗಳಲ್ಲಿ ಮಾತ್ರ ಇಲ್ಲ."

ಅಕ್ಕ ಬಗ್ಗಿ ನೋಡಿದಳು. ಐದು ವರ್ಷದಲ್ಲಿ ಮೊದಲ ಸಲ ಅವಳು ಅದನ್ನು ನೋಡಿದ್ದು. ಒಂದು ಪುಟ ತಿರುವಿದಳು, ಇನ್ನೊಂದು. ಕಿವಿ ಕೆಂಪಾಯಿತು.

"ಪೆನ್ನು ಸೋರಿದ್ದಿರಬೇಕು ಮೇಡಂ."

"ಸೋರಿದ್ರೆ ಕಾಗದ ಹೀಗೆ ಉಬ್ಬಲ್ಲ."

"ಹಾಗಾದ್ರೆ..." ಅಕ್ಕ ನನ್ನ ಕಡೆ ಕೈ ತೋರಿಸಿದಳು. ಸ್ವಲ್ಪ ನಕ್ಕಳು ಕೂಡ. "ಅವನು ಕ್ಲೀನಿಂಗಿನವನು. ಟೇಬಲ್ ಒರೆಸೋವಾಗ ಪೆನ್ನು ಸಿಕ್ಕಿದ್ರೆ ಏನೋ ಆಟ ಆಡಿರ್ತಾನೆ. ಅವನಿಗೇನು ಗೊತ್ತಾಗುತ್ತೆ, ಪಾಪ."

ಆ ನಗು. ಆ ಪಾಪ ಅನ್ನುವ ಮಾತು. ಅವಳು ನನ್ನನ್ನು ಉಳಿಸಲು ಹೇಳಿದಳು, ತನ್ನನ್ನು ಉಳಿಸಿಕೊಳ್ಳಲು ಹೇಳಿದಳು, ಆ ಮಕ್ಕಳ ಅಂಕಿ ಉಳಿಸಲು ಹೇಳಿದಳು. ಎಲ್ಲ ಗೊತ್ತು. ಆ ಗಳಿಗೆಯಲ್ಲೂ ಗೊತ್ತಿತ್ತು. ಇನ್ನೊಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಆ ಟಿಪ್ಪಣಿ ಬರೆದಾಗುತ್ತಿತ್ತು. ಆದರೆ ಕೆನ್ನೆ ಉರಿಯಿತು, ಒಂಬತ್ತನೇ ಕ್ಲಾಸಿನ ಅದೇ ಕೆನ್ನೆ. ಕೈಯಲ್ಲಿದ್ದ ಬಟ್ಟೆ ಬಿಸಾಕಿದೆ.

"ಆಟ ಅಲ್ಲ. ನಂದು ಅದು. ಚುಕ್ಕೆ ಇರೋದೆಲ್ಲ ನಾನು ಓಡಿಸಿದ್ದು."

ಪಂಪಿನ ಸದ್ದು ಮಾತ್ರ ಕೇಳಿಸುತ್ತಿತ್ತು. ಹಗುರವಾಗಿತ್ತು.

ಆ ಹೆಂಗಸು ನನ್ನ ಕಡೆ ತಿರುಗಿದರು. "ನೀವು ಓಡಿಸಿ ತೋರಿಸ್ತೀರಾ?"

ನೀವು ಅಂದರು. ಆ ಕಟ್ಟಡದಲ್ಲಿ ನನಗೆ ಯಾರೂ ಅಂದಿರಲಿಲ್ಲ. ಶೀಶೆ ತೆಗೆದೆ, ತೂಗಿದೆ, ಮೂರು ಹನಿ ಹಾಕಿದೆ. ಅಂಕಿ ಬಂದವು, ಹಿಂದಿನ ದಿನದ ಅಂಕಿಯ ಅವಳಿಯ ಹಾಗೆ. ಅವರು ಬಹಳ ಹೊತ್ತು ಪರದೆ ನೋಡಿದರು. ಆಮೇಲೆ ತೆರೆದ ಪೆನ್ನಿಗೆ ಟೋಪಿ ಹಾಕಿದರು.

"ಯಾಕಮ್ಮ ಇವರ ಹೆಸರು ಹಾಕಲಿಲ್ಲ?" ಎಂದು ಅಕ್ಕನನ್ನು ಕೇಳಿದರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

"ಡಿಗ್ರಿ ಇಲ್ಲ ಮೇಡಂ ಅವನಿಗೆ. ನಿಯಮದಲ್ಲಿ..."

"ಯಾವ ನಿಯಮದಲ್ಲಿ?"

ಅಕ್ಕ ಬೀಗ ತೆಗೆದು ನೀಲಿ ಫೈಲು ತಂದಳು. ಅವರು ತೆರೆದಿದ್ದು ಮೂರನೇ ಪುಟ. ಬರೀ ಮೂರನೇ ಪುಟ. ಓದಿದರು: "'ಯಂತ್ರ ನಡೆಸುವವರು: ಆ ಯಂತ್ರದ ಮೇಲೆ ತರಬೇತಿ ಪಡೆದು, ಪಡೆದದ್ದು ಬರಹದಲ್ಲಿ ದಾಖಲಾಗಿರುವ ಯಾವುದೇ ವ್ಯಕ್ತಿ.' ಡಿಗ್ರಿ ಅಂತ ಎಲ್ಲಿದೆ, ತೋರಿಸಿ."

ಅಕ್ಕ ಪುಟದ ಮೇಲೆ ಬೆರಳಾಡಿಸಿದಳು. ಮುಂದಿನ ಪುಟ ನೋಡಿದಳು, ಹಿಂದಿನದು ನೋಡಿದಳು. "ಸರ್ ಹೇಳಿದ್ರು" ಅಂದಳು ಕೊನೆಗೆ, ಶಾಲೆ ಹುಡುಗಿಯ ದನಿಯಲ್ಲಿ.

ಡೈರೆಕ್ಟರು ಕೆಮ್ಮಿದರು. "ನಾನು ಯಾವಾಗಲೋ ಮೀಟಿಂಗಲ್ಲಿ ಸುಮ್ನೆ ಹೇಳಿದ್ದಮ್ಮ. ಬಳಸೋಕೆ ಬರೋರ ಬಗ್ಗೆ ಹೇಳಿದ್ದು. ನೀವು ಫೈಲ್ ನೋಡ್ಬೇಕಿತ್ತು."

"ಒಂದು ಹಾಳೆ ಸಾಕಿತ್ತು" ಅಂದರು ಆ ಹೆಂಗಸು. "ನೀವು ಕಲಿಸಿದ್ದು, ಇವರು ಕಲಿತಿದ್ದು, ಇಬ್ಬರ ಸಹಿ, ತಾರೀಕು. ನಾನು ನೋಡಿದ ಪುಸ್ತಕಗಳಲ್ಲೆಲ್ಲ ಇದೇ ಒಳ್ಳೇದು. ಅದನ್ನೇ ನಾನೀಗ ಸುಳ್ಳು ಅಂತ ಬರೀಬೇಕು."

"ಅಂಕಿ ಸುಳ್ಳಲ್ವಲ್ಲ ಮೇಡಂ" ಅಂದೆ.

"ಅಂಕಿ ಅಲ್ಲಪ್ಪ. ಹೇಳಿದ್ದು ಯಾರು ಅನ್ನೋದು ಸುಳ್ಳು. ಅದು ಸುಳ್ಳಾದ್ಮೇಲೆ ಅಂಕಿ ಪರವಾಗಿ ಯಾರು ನಿಂತ್ಕೋತಾರೆ?"

"ಈಗ ಬರೆದು ಕೊಡ್ತೀವಿ ಆ ಹಾಳೆ."

"ಯಾವ ತಾರೀಕು ಹಾಕಿ?"

ಇವತ್ತಿನದು ಹಾಕಿದರೆ ಐದು ವರ್ಷ ಹೊರಗುಳಿಯುತ್ತದೆ, ಹಿಂದಿನದು ಹಾಕಿದರೆ ಇನ್ನೊಂದು ಸುಳ್ಳು.

ಹತ್ತು ದಿನದ ಮೇಲೆ ಸಂಘದ ಕಾಗದ ಬಂತು. ಮನ್ನಣೆ ಇಲ್ಲ. ಚುಕ್ಕೆಯಿರುವ ಪ್ರತಿಯೊಂದು ಸಾಲನ್ನೂ ನಿಯಮದ ಪ್ರಕಾರ ಹೊಡೆಯಬೇಕು, ಬರೆದವರೇ ಹೊಡೆಯಬೇಕು, ಲ್ಯಾಬಿನ ಹೊಣೆ ಹೊತ್ತವರು ಪಕ್ಕದಲ್ಲಿ ಕೂತು ಸಾಕ್ಷಿ ಸಹಿ ಹಾಕಬೇಕು. ಚುಕ್ಕೆಯಿಲ್ಲದ ಸಾಲುಗಳು ಇರಬಹುದು. ಅಂದರೆ ಅಕ್ಕನ ಓಲಾಡುವ ಸೋಮವಾರಗಳು ಉಳಿದವು. ಚುಕ್ಕೆ ಇಡದೆ ಹೋಗಿದ್ದರೆ ಯಾವುದು ನನ್ನದು, ಯಾವುದು ಅವಳದು ಎಂದು ದೇವರಿಗೂ ಬೇರೆ ಮಾಡಲು ಬರುತ್ತಿರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಗುರುತು ಹಾಕಿಕೊಟ್ಟಿದ್ದೆ. ಡೈರೆಕ್ಟರ ತೀರ್ಮಾನ ಹೀಗಿತ್ತು: ಹೊಡೆಯುವ ಕೆಲಸ ಮುಗಿದ ದಿನ ಅಕ್ಕ ಕೆಳಗಿನ ಉಗ್ರಾಣಕ್ಕೆ, ಬಾಟಲಿ ಎಣಿಸಲು. ನಾನು ಮನೆಗೆ.

ಆ ಕಾಗದ ಬಂದ ಮೇಲೆ ಮನೆಯಲ್ಲಿ ಅಮ್ಮ ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ ಬಟ್ಟೆ ಮಡಿಸುತ್ತಾ, ನನ್ನ ಬೂದು ಅಂಗಿಯನ್ನು ಮಡಿಸಿದ್ದನ್ನೇ ಮತ್ತೆ ಮಡಿಸುತ್ತಾ ಕೇಳಿದಳು: "ಬಾಯಿ ಮುಚ್ಕೊಂಡು ಇದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?"

"ಕ್ಲೀನಿಂಗಿನವನು, ಆಟ ಆಡಿದಾನೆ ಅಂದ್ಳಮ್ಮ."

"ಅಂದ್ರೆ ಅನ್ನಲಿ. ನಿನ್ನ ಎತ್ತಿ ಆಡಿಸಿದೋಳು. ಅವಳಿಗೆ ಒಂದು ಮಾತು ಅನ್ನೋ ಹಕ್ಕಿಲ್ವಾ?"

ಅಕ್ಕನ ಮಗಳು ಬಾಗಿಲಲ್ಲಿ ನಿಂತು "ಮಾವ, ನಿಂಗೆ ಇನ್ಮೇಲೆ ದಿನಾ ರಜಾನಾ?" ಅಂತ ಕುಣಿಯಿತು. ಭಾವ ಒಳಗಿನಿಂದ ಮಗುವನ್ನು ಕರೆದುಕೊಂಡ. ಬಾಗಿಲು ಮೆಲ್ಲಗೆ ಮುಂದಕ್ಕೆ ಹಾಕಿದ.

ಹೊಡೆಯಲು ಕೂತ ಮೊದಲ ದಿನ ರಕ್ತದ ಡಾಕ್ಟರಮ್ಮ ಬಂದರು. ಯಂತ್ರ ಆರಿಸಿದ್ದ ಕೋಣೆ. ಪಂಪಿನ ಸದ್ದಿಲ್ಲದೆ ಅಲ್ಲಿ ಗಡಿಯಾರವೊಂದಿದೆ ಎಂದು ಮೊದಲ ಸಲ ಗೊತ್ತಾಗಿತ್ತು. ಅವರು ಅಕ್ಕನ ಕಡೆ ನೋಡಲಿಲ್ಲ, ನನ್ನ ಎದುರು ಸ್ಟೂಲು ಎಳೆದುಕೊಂಡು ಕೂತರು.

"ನಂಬರ್ ಸರಿ ಇದ್ವಾ?"

"ಸರಿ ಇದ್ವು ಮೇಡಂ. ಒಂದೊಂದೂ."

"ನನಗೆ ಗೊತ್ತು. ಮೂರು ವರ್ಷ ನೋಡಿದೀನಲ್ಲ. ಯಂತ್ರ ಕೈ ಕೊಟ್ಟ ದಿನ ಒಂದಿಲ್ಲ." ಅವರು ಬಗ್ಗಿ ಒಂದು ಸಾಲು ನೋಡಿದರು. "ಆಸ್ಪತ್ರೆಯೋರು ಮತ್ತೆ ಅಳೀರಿ ಅಂತಾರೆ. ರಕ್ತ ಎಲ್ಲಿದೆ ಮತ್ತೆ ಅಳೆಯೋಕೆ? ತೊಟ್ಟು ತೊಟ್ಟು ತಂದಿದ್ದು. ಕೆಲವು ಮಕ್ಕಳು ಈಗ ಇಲ್ಲ."

"ನಾನು ಬೇಕಾದ್ರೆ ಬಂದು ಹೇಳ್ತೀನಿ ಮೇಡಂ, ಎಲ್ಲಿ ಬೇಕಾದ್ರೂ. ಆಣೆ ಮಾಡಿ ಹೇಳ್ತೀನಿ."

"ಏನಂತ ಹೇಳ್ತೀಯಪ್ಪ? ಐದು ವರ್ಷ ಇನ್ನೊಬ್ಬರ ಸಹಿ ಹಾಕಿದೋನು ನಾನೇ, ಈಗ ನನ್ನ ನಂಬಿ ಅಂತಾನಾ?" ಬೈಗುಳದ ದನಿಯಲ್ಲ ಅದು. ದಣಿದ ದನಿ. ಎದ್ದು ಹೋದರು. ಸ್ಟೂಲನ್ನು ಮೊದಲಿದ್ದ ಜಾಗಕ್ಕೇ ಸರಿಸಿ ಹೋದರು. ಹದಿನಾಲ್ಕು ಗುಂಪಿನಲ್ಲಿ ಹಾಗೆ ಸರಿಸುತ್ತಿದ್ದವರು ಅವರೊಬ್ಬರೇ.

ಸಾವಿರದ ನೂರ ಅರವತ್ತೆರಡು ಸಾಲು. ಸ್ಕೇಲು ಇಡುವುದು, ಗೆರೆ ಎಳೆಯುವುದು, ತಾರೀಕು, ಸಹಿ. ಪುಸ್ತಕವನ್ನು ಅಕ್ಕನ ಕಡೆ ತಿರುಗಿಸುವುದು. ಅವಳ ಎರಡಕ್ಷರ. ಮತ್ತೆ ನನ್ನ ಕಡೆ. ಈ ಸಲ ಆ ಎರಡಕ್ಷರವನ್ನು ಅವಳೇ ಹಾಕುತ್ತಿದ್ದಳು. ನಾನು ಹಾಕಿದ್ದಕ್ಕೂ ಅವಳು ಹಾಕಿದ್ದಕ್ಕೂ ವ್ಯತ್ಯಾಸ ಕಾಣಲಿಲ್ಲ.

ನನಗೆ ಸಹಿ ಇರಲಿಲ್ಲ. ಯಾರೂ ಯಾವತ್ತೂ ಕೇಳಿರಲಿಲ್ಲವಲ್ಲ. ಮೊದಲ ನೂರು ಸಾಲಿನಲ್ಲಿ ಶಾಲೆಯ ಕಾಪಿ ಪುಸ್ತಕದ ಹಾಗೆ ಪೂರ್ತಿ ಹೆಸರು ಬರೆದೆ. ಒಂದೊಂದು ಒಂದೊಂದು ಥರ. ಎರಡನೇ ದಿನ ಕೈ ನೋವು ಬಂದು ಅಕ್ಷರ ಒಂದಕ್ಕೊಂದು ಕೂಡಿಕೊಂಡವು. ಮೂರನೇ ದಿನದ ಹೊತ್ತಿಗೆ ಅದಕ್ಕೊಂದು ರೂಪ ಬಂತು, ಕೊನೆಯಲ್ಲಿ ಬಾಲ ಎಳೆದು, ದೊಡ್ಡವರದ್ದು ಇರುತ್ತದಲ್ಲ, ಹಾಗೆ. ನೋಡಿದರೆ ಚೆನ್ನಾಗಿತ್ತು.

ಅಕ್ಕ ನಾಲ್ಕು ದಿನವೂ ಮಾತಾಡಲಿಲ್ಲ. "ತಿರುಗಿಸು" ಅನ್ನುವಳು, ಇಲ್ಲ "ತಾರೀಕು ಬಿಟ್ಟೆ" ಅನ್ನುವಳು. ಮಗು ಹುಟ್ಟಿದ ದಿನದ ಸಾಲು ಬಂದಾಗ ನಾನು ಸ್ಕೇಲು ಇಟ್ಟು ನಿಂತೆ. ಹೊಳಪು, ಚದುರು, ಏಳೂ ನಲವತ್ತು. ಎರಡೂ ಅಂಕಿ ಮಿತಿಯ ನಟ್ಟನಡುವೆ. ಅಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಎಳೆದೆ. ಪುಸ್ತಕ ತಿರುಗಿಸಿದೆ. ಅವಳು ಆ ಸಾಲನ್ನು ಓದಿದಳು, ಗೆರೆಯ ಕೆಳಗೂ ಓದಲು ಬರುತ್ತದಲ್ಲ. ಓದಿ ಸಹಿ ಹಾಕಿದಳು. ಒಂದು ತೊಟ್ಟು ನೀರು ತಾರೀಕಿನ ಮೇಲೆ ಬಿದ್ದು ಶಾಯಿ ಹರಡಿತು.

"ಅಕ್ಕ" ಅಂದೆ.

"ತಾರೀಕು ಮತ್ತೆ ಬರಿ. ಓದೋಕೆ ಬರ್ತಿಲ್ಲ."

ಬರೆದೆ.

ನಾಲ್ಕನೇ ದಿನ ಮಧ್ಯಾಹ್ನ ಕೊನೆಯ ಪುಟ. ಹೊರಗೆ ಕಾರಿಡಾರಿನಲ್ಲಿ ಯಾರೋ ಹೊಸಬ ಮಾಪು ಎಳೆಯುತ್ತಿದ್ದ. ಬಕೆಟ್ಟಿನ ಚಕ್ರ ಕಿರುಗುಟ್ಟುತ್ತಿತ್ತು. ಅದಕ್ಕೆ ಒಂದು ಹನಿ ಎಣ್ಣೆ ಸಾಕು, ಹೇಳಬೇಕು ಅನ್ನಿಸಿತು, ಹೇಳಲಿಲ್ಲ. ಕಟ್ಟಕಡೆಯ ಸಾಲು ಆ ಹೆಂಗಸು ಬಂದ ದಿನ ಬೆಳಿಗ್ಗೆಯದ್ದು. ಗೆರೆ ಎಳೆದೆ. ತಾರೀಕು ಹಾಕಿದೆ. ಸಹಿ ಹಾಕಿದೆ, ಬಾಲ ಎಳೆದೆ. ಮುಗಿಯಿತಲ್ಲ ಎಂದು ಉಸಿರು ಬಿಟ್ಟಾಗ ಕೈ ತನ್ನಷ್ಟಕ್ಕೆ ತಾನೇ ಕೆಳಗಿಳಿದು, ನನ್ನ ಸಹಿಯ ಕೆಳಗೆ, ಒತ್ತಿ ಒಂದು ಚುಕ್ಕೆ ಇಟ್ಟುಬಿಟ್ಟಿತು.

ಪುಸ್ತಕ ತಿರುಗಿಸಿದೆ. ಅಕ್ಕ ಪೆನ್ನು ಹಿಡಿದಳು. ನೋಡಿದಳು. ಪೆನ್ನು ಕೆಳಗಿಟ್ಟು ಪುಸ್ತಕವನ್ನು ವಾಪಸ್ ನನ್ನ ಕಡೆ ತಳ್ಳಿದಳು.

"ಅದನ್ನೂ ಹೊಡಿ" ಅಂದಳು.

ಸ್ಕೇಲು ಇಟ್ಟು ಒಂದು ಗೆರೆ ಎಳೆದೆ. ಚುಕ್ಕೆ ಗೆರೆಯ ಕೆಳಗೂ ಕಾಣುತ್ತಿತ್ತು. ಪಕ್ಕದಲ್ಲಿ ತಾರೀಕು ಬರೆದು ಸಹಿ ಹಾಕಿದೆ.